ಹಾಲೆಮರದ ಕೆತ್ತೆ: ಆಟಿಯಿಂದ ಮಾಯಿಯವರೆಗೆ

(ಶಾಲಾ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ ಛಾಯಾಚಿತ್ರ ಪ್ರದರ್ಶನದ ಉದ್ಘಾಟನೆಯಂದು ಹಳೆ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಹಳೆ ವಿದ್ಯಾರ್ಥಿಗಳು ಇಂತಹ ವೇದಿಕೆಗೆ ಬಂದಾಗ ತಮ್ಮ ಕಾಲದ ಗುರುಗಳನ್ನೂ ಅವರ ಬೆತ್ತವನ್ನೂ ಮಧ್ಯಾಹ್ನದ ಗಂಜಿಯನ್ನೂ ನೆನೆಯುವುದು ವಾಡಿಕೆ. ಆ ನೆನಪುಗಳು ನಮ್ಮಲ್ಲಿಯೂ ಇವೆ. ಈ ಸಂಚಿಕೆಯ ಬೇರೆ ಪುಟಗಳಲ್ಲಿ ಅವು ಧಾರಾಳವಾಗಿ ಬರಲಿವೆ. ಇಂದು ಈ ಜಗಲಿಯ ಉದ್ದಕ್ಕೂ ತೂಗುಹಾಕಿರುವ ನಲವತ್ತು ಚಿತ್ರಗಳ ವಿಷಯ ಹೇಳಬೇಕಾದ ನಾವು ಒಂದು ತಪ್ಪಿನಿಂದ ಮಾತನ್ನು ಆರಂಭಿಸಬೇಕಾಗಿದೆ. ತಪ್ಪು ನಮ್ಮದೇ. ಆದ್ದರಿಂದ ಹೇಳಲು ಸಂಕೋಚವಿದ್ದರೂ ಹೇಳುವ ಅಧಿಕಾರ ನಮಗಿದೆ.

ಶಾಲೆಯ ಪಶ್ಚಿಮದ ಅಂಗಳದಲ್ಲಿ, ಒಂದನೆಯ ತರಗತಿಯ ಕೋಣೆಯಿಂದ ಹದಿನೈದು ಹೆಜ್ಜೆ ದೂರದಲ್ಲಿರುವ ಹಾಲೆಮರವನ್ನು ತಿಳಿಯದವರು ಇಲ್ಲಿ ಯಾರೂ ಇರಲಾರರು. ಕಳೆದ ವರ್ಷದ ಆಟಿ ಅಮಾವಾಸ್ಯೆಯಂದು ಶತಮಾನೋತ್ಸವದ ಮೊದಲ ಕಾರ್ಯಕ್ರಮವಾಗಿ ಊರವರಿಗೆಲ್ಲ ಹಾಲೆಯ ಕಷಾಯ ಹಂಚುವುದೆಂದು ನಮ್ಮ ಸಂಘ ತೀರ್ಮಾನಿಸಿತು. ಮುನ್ನೂರು ಮಂದಿಗೆ ಕಷಾಯ, ಆಮೇಲೆ ಮೆಂತೆಗಂಜಿ. ಬೆಳಗ್ಗೆ ನಾಲ್ಕೂವರೆ ಗಂಟೆಗೆ ನಾವು ಐದು ಮಂದಿ ಟಾರ್ಚು, ಕತ್ತಿ, ಎರಡು ಬುಟ್ಟಿ ಹಿಡಿದು ಮರದ ಬುಡಕ್ಕೆ ಹೋದೆವು. ಜಡಿಮಳೆ. ಮುನ್ನೂರು ಮಂದಿಗೆ ಎಷ್ಟು ಕೆತ್ತೆ ಬೇಕೆಂಬ ಲೆಕ್ಕ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕಡಮೆಯಾದರೆ ನಗೆಪಾಟಲಾಗುತ್ತದೆ ಎಂಬ ಹೆದರಿಕೆ ಮಾತ್ರ ಇತ್ತು. ಬೆಳಕು ಹರಿಯುವ ಹೊತ್ತಿಗೆ ಎರಡು ಬುಟ್ಟಿಗಳೂ ತುಂಬಿದ್ದವು. ಕೈಗೆಲ್ಲ ಹಾಲು ಮೆತ್ತಿಕೊಂಡಿತ್ತು. ಬುಟ್ಟಿಗಳನ್ನು ಮುಂದಿಟ್ಟು ಮರಕ್ಕೆ ಒರಗಿ ಒಂದು ಚಿತ್ರವನ್ನೂ ತೆಗೆಸಿಕೊಂಡೆವು.

ಆ ಚಿತ್ರವೇ ಇಲ್ಲಿಯ ಮೊದಲನೆಯ ಸಂಖ್ಯೆಯ ಚಿತ್ರ. ನಮ್ಮ ಐದೂ ಮುಖಗಳು ನಗುತ್ತಿವೆ. ಹಿಂದೆ ಬೆಳ್ಳಗೆ ಹೊಳೆಯುತ್ತಿರುವುದು ಗೋಡೆಯಲ್ಲ, ಕೆತ್ತೆ ಕಳೆದುಕೊಂಡ ಮರದ ಮೈ. ಅದನ್ನು ಪ್ರದರ್ಶನದಲ್ಲಿ ಇಡಬೇಕೇ ಬೇಡವೇ ಎಂದು ನಮ್ಮೊಳಗೆ ಸಾಕಷ್ಟು ಚರ್ಚೆಯಾಯಿತು. ಕೊನೆಗೆ ಇಟ್ಟೆವು.

ಮೂರನೆಯ ದಿನ ಮಳೆ ಸ್ವಲ್ಪ ಹೊಳವಾದಾಗ ಮುಖ್ಯೋಪಾಧ್ಯಾಯಿನಿಯವರು ನಮ್ಮನ್ನು ಕರೆಸಿದರು. ಬೈಯಲಿಲ್ಲ. ದರ್ಜಿಯ ಅಳತೆಪಟ್ಟಿಯೊಂದನ್ನು ಕೈಗಿತ್ತು, "ಒಮ್ಮೆ ಅಳೆದು ನೋಡಿ" ಎಂದರು, ಅಷ್ಟೆ. ಎದೆಯೆತ್ತರದಲ್ಲಿ ಮರದ ಸುತ್ತಳತೆ 290 ಸೆಂಟಿಮೀಟರ್. ಅದರಲ್ಲಿ 208 ಸೆಂಟಿಮೀಟರ್ ಅಗಲಕ್ಕೆ, ಮೊಣಕೈಯಷ್ಟು ಎತ್ತರಕ್ಕೆ ಕೆತ್ತೆ ಇರಲಿಲ್ಲ. ಉಳಿದುದು ಹಿಂಬದಿಯ 82 ಸೆಂಟಿಮೀಟರ್ ಮಾತ್ರ. ಇನ್ನೆರಡು ಕತ್ತಿಯೇಟು ಆಚೆಯಿಂದ ಈಚೆಗೆ ಬಿದ್ದಿದ್ದರೆ ಮರಕ್ಕೆ ಪೂರ್ತಿ ಉಂಗುರ ತೊಡಿಸಿದಂತಾಗುತ್ತಿತ್ತು.

ಉಂಗುರ ಎಂದರೆ ಏನಾಗುತ್ತದೆ ಎಂಬುದನ್ನು ಏಳನೆಯ ತರಗತಿಯ ಮಕ್ಕಳು ನಮಗೆ ಹೇಳಿಕೊಟ್ಟರು. ಅವರಿಗೆ ಅದು ಪಾಠದಲ್ಲಿಯೇ ಇದೆ. ಬೇರು ಹೀರಿದ ನೀರು ಮೇಲಕ್ಕೇರುವುದು ಒಳಗಿನ ಮರದ ಮೂಲಕ. ಎಲೆ ಅಟ್ಟ ಅಡುಗೆ ಬೇರಿಗೆ ಇಳಿಯುವುದು ಕೆತ್ತೆಯ ಒಳಪದರದ ಮೂಲಕ. ಕೆತ್ತೆ ಸುತ್ತಲೂ ಹೋದರೆ ನೀರು ಏರುತ್ತಲೇ ಇರುತ್ತದೆ, ಎಲೆ ಹಸುರಾಗಿಯೇ ಇರುತ್ತದೆ, ಹೂವೂ ಬಿಡಬಹುದು. ಕೆಳಗೆ ಬೇರು ಮಾತ್ರ ಉಪವಾಸ ಬೀಳುತ್ತದೆ. ಬೇರಿನ ಕೂಡಿಟ್ಟ ಗಂಟು ಮುಗಿದ ಮೇಲೆ ಒಂದು ದಿನ ಎಲ್ಲವೂ ಒಟ್ಟಿಗೆ ಬಾಡುತ್ತದೆ. ಅದಕ್ಕೆ ತಿಂಗಳುಗಳೂ ಹಿಡಿಯಬಹುದು, ವರ್ಷವೂ ಹಿಡಿಯಬಹುದು. ಆದ್ದರಿಂದ ಮರ ಬದುಕುತ್ತದೆಯೇ ಎಂದು ತಿಳಿಯಬೇಕಾದವರು ತಲೆಯೆತ್ತಿ ಎಲೆಯನ್ನು ನೋಡಿ ಪ್ರಯೋಜನವಿಲ್ಲ. ಗಾಯದ ಅಂಚನ್ನು ನೋಡಬೇಕು, ಮತ್ತೆ ಮತ್ತೆ ನೋಡಬೇಕು. ನಮ್ಮ ಛಾಯಾಗ್ರಹಣ ಹುಟ್ಟಿದ್ದು ಹೀಗೆ. ಕಲೆಯ ಉದ್ದೇಶ ಅದಕ್ಕಿರಲಿಲ್ಲ.

ಇಲ್ಲಿ ಮರದ ಬಗೆಗೆ ನಾಲ್ಕು ಮಾತು ಹೇಳದೆ ಮುಂದುವರಿಯಲಾರೆವು. ಕನ್ನಡದಲ್ಲಿ ಹಾಲೆ, ಮದ್ದಾಲೆ, ತುಳುವಿನಲ್ಲಿ ಪಾಲೆ, ಮಲೆಯಾಳದಲ್ಲಿ ಪಾಲ ಅಥವಾ ಏಳಿಲಂಪಾಲ, ಸಂಸ್ಕೃತದಲ್ಲಿ ಸಪ್ತಪರ್ಣ. ಒಂದು ತರಗತಿಯಲ್ಲಿ ಕೇಳಿದರೆ ಈ ಹೆಸರುಗಳಲ್ಲಿ ಹೆಚ್ಚಿನವೂ ಒಂದೇ ಬೆಂಚಿನಿಂದ ಕೇಳಿಬರುತ್ತವೆ. ಗಡಿಯಲ್ಲಿರುವ ನಮ್ಮ ಶಾಲೆಗಳ ಭಾಗ್ಯವದು. ಹದಿನೇಳನೆಯ ಶತಮಾನದ ಕೊನೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ 'ಹೋರ್ತುಸ್ ಮಲಬಾರಿಕುಸ್' ಗ್ರಂಥದಲ್ಲಿ ಈ ಮರ 'ಪಾಲ' ಎಂಬ ಹೆಸರಿನಿಂದಲೇ ಇದೆ. ಇಟ್ಟಿ ಅಚ್ಯುತನ್ ಎಂಬ ವೈದ್ಯರೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ಪಂಡಿತರೂ ಕೊಚ್ಚಿಯಲ್ಲಿ ಕುಳಿತು ಆ ಗ್ರಂಥಕ್ಕೆ ನೆರವಾದವರು. 1767ರಲ್ಲಿ ಲಿನೇಯಸ್ ಇದಕ್ಕೆ 'ಸ್ಕಾಲಾರಿಸ್', ಅಂದರೆ ಶಾಲೆಗೆ ಸಂಬಂಧಿಸಿದ್ದು, ಎಂಬ ವಿಶೇಷಣ ಕೊಟ್ಟನು. ಹಗುರವೂ ಮೃದುವೂ ಆದ ಇದರ ಹಲಗೆಯಿಂದ ಮಕ್ಕಳ ಬರೆಯುವ ಪಾಟಿ, ಕರಿಹಲಗೆಗಳನ್ನು ಮಾಡುತ್ತಿದ್ದುದರಿಂದ ಆ ಹೆಸರು ಬಂತು. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಪದವಿ ಪಡೆದವರಿಗೆ ಇದೇ ಮರದ ಎಲೆಗೊಂಚಲನ್ನು ಕೊಡುವ ಸಂಪ್ರದಾಯವಿತ್ತು. ಶಾಲೆಯ ಮರವೆಂದೇ ಲೋಕಪ್ರಸಿದ್ಧವಾದ ಮರವನ್ನು ಶಾಲೆಯ ಶತಮಾನೋತ್ಸವದಲ್ಲಿಯೇ ಸುಲಿದವರು ನಾವು. ಇದನ್ನು ಓದಿದ ದಿನ ನಮಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಶಾಲೆ ಹುಟ್ಟಿದಾಗ ಈ ನೆಲ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡು ಬೇರೆಯೇ ಜಿಲ್ಲೆಯಾಯಿತು. ಇಷ್ಟೆಲ್ಲ ಆಗುವಾಗ ಹಾಲೆ ನಿಂತಲ್ಲಿಯೇ ನಿಂತು ದಪ್ಪವಾಗುತ್ತಿತ್ತು.

ಮೊದಲ ತಿಂಗಳ ಚಿತ್ರಗಳನ್ನು ನೋಡಿದರೆ ಈಗ ನಗು ಬರುತ್ತದೆ. ಮೊಬೈಲು ಎಲ್ಲರ ಕೈಯಲ್ಲಿದೆ, ಚಿತ್ರ ತೆಗೆಯುವುದೇನು ಮಹಾ ಎಂದುಕೊಂಡಿದ್ದೆವು. ಆಟಿಯ ಮೋಡದ ಬೆಳಕಿನಲ್ಲಿ ಮರ ಕಪ್ಪಾಗಿ ಕಂಡಿತೆಂದು ಫ್ಲಾಶ್ ಹಾಕಿದೆವು. ಎದುರಿನಿಂದ ಹಾಯ್ದ ಬೆಳಕು ಉಬ್ಬುತಗ್ಗುಗಳನ್ನೆಲ್ಲ ಒಂದೇ ಸಮ ಮಾಡಿ, ಕೆತ್ತೆ ಗೋಡೆಗೆ ಬಳಿದ ಸಗಣಿಯಂತೆ ಕಂಡಿತು. ಒದ್ದೆ ಮೈಯಲ್ಲಿ ಫ್ಲಾಶಿನ ಹೊಳಪು ಬೇರೆ. ಒಬ್ಬರು ಎರಡಡಿ ದೂರದಿಂದ ತೆಗೆದರೆ ಇನ್ನೊಬ್ಬರು ಆರಡಿ ದೂರದಿಂದ. ಎರಡು ವಾರದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದೇ ಮರವೆಂದು ಹೇಳುವುದೇ ಕಷ್ಟವಾಯಿತು.

ಹಂತಹಂತವಾಗಿ ಕ್ರಮ ಕಲಿತೆವು. ಹೆಚ್ಚಿನದನ್ನು ಮಕ್ಕಳೇ ಕಂಡುಹಿಡಿದರು. ನೆಲದಲ್ಲಿ ಒಂದು ಕಲ್ಲು ಹೂತು, ಅದರ ಮೇಲೆ ತರಗತಿಯ ಸ್ಟೂಲನ್ನಿಟ್ಟು, ಮೊಬೈಲಿಗೆ ನೆಲೆ ಮಾಡಿದೆವು. ಗಾಯದ ಅಂಚಿನಲ್ಲಿ ಹತ್ತು ಜಾಗಗಳನ್ನು ಆರಿಸಿ ಬಣ್ಣದ ದಾರ ಕಟ್ಟಿದೆವು. ಪ್ರತಿ ಚಿತ್ರದಲ್ಲಿಯೂ ಅಂಚಿಗೆ ತಾಗಿಸಿ ಮರದ ಅಡಿಪಟ್ಟಿ. ಸ್ಟೀಲಿನದು ಹೊಳೆಯುತ್ತದೆ, ಬೇಡ. ಇನ್ನೊಂದು ತೊಂದರೆಯಿತ್ತು. ಮೊಬೈಲು ತನ್ನೆದುರಿಗಿರುವುದು ಎಷ್ಟೇ ಕಪ್ಪಿರಲಿ ಬೆಳ್ಳಗಿರಲಿ, ಎಲ್ಲವನ್ನೂ ಮಧ್ಯಮ ಬೂದುಬಣ್ಣಕ್ಕೆ ತರಲು ಹವಣಿಸುತ್ತದೆ. ಮಳೆಯಲ್ಲಿ ನೆನೆದು ಕಪ್ಪಾದ ಕೆತ್ತೆಯೂ ಬಿಸಿಲಿನಲ್ಲಿ ಒಣಗಿ ಬೂದಿಯಾದ ಕೆತ್ತೆಯೂ ಚಿತ್ರದಲ್ಲಿ ಒಂದೇ ಬಣ್ಣವಾಗಿಬಿಡುತ್ತವೆ. ಇದಕ್ಕೆ ಐದನೆಯ ತರಗತಿಯ ಹುಡುಗಿಯೊಬ್ಬಳು ಉಪಾಯ ಹೇಳಿದಳು. "ಸರ್, ಬದಲಾಗದ ಒಂದು ವಸ್ತುವನ್ನು ಜೊತೆಗಿಟ್ಟರೆ ಸಾಲದಾ?" ಶಾಲೆಯ ಅಟ್ಟದಲ್ಲಿ ಸಿಕ್ಕ ಹಳೆಯ ಸ್ಲೇಟಿನ ಚೂರೊಂದನ್ನು ತಂದು ಪ್ರತಿ ಚಿತ್ರದ ಮೂಲೆಯಲ್ಲಿ ಇಡತೊಡಗಿದೆವು. ಸ್ಲೇಟಿನ ಬಣ್ಣ ಎಲ್ಲದರಲ್ಲಿಯೂ ಒಂದೇ ಆಗುವಂತೆ ಚಿತ್ರಗಳನ್ನು ಹೊಂದಿಸಿದರೆ ಕೆತ್ತೆಯ ನಿಜವಾದ ಬಣ್ಣ ತಾನಾಗಿಯೇ ಹೊರಬರುತ್ತದೆ. ಪ್ರದರ್ಶನ ನೋಡುವಾಗ ಮೂಲೆಯಲ್ಲಿ ಕಾಣುವ ಆ ಕರಿಚೂರನ್ನು ಕಸವೆಂದು ತಿಳಿಯಬೇಡಿ.

ಈಗ ಋತುಗಳ ಮಾತು. ನಮ್ಮ ಕಡೆ ಹಾಲೆ ಒಮ್ಮೆಗೇ ಎಲೆಯುದುರಿಸಿ ಬೋಳಾಗುವ ಮರವಲ್ಲ. ಆದ್ದರಿಂದ ಋತು ಬದಲಾದುದು ಅದರ ತಲೆಯಲ್ಲಿ ಅಷ್ಟಾಗಿ ಕಾಣದು. ಕಾಣುವುದು ಮೈಯಲ್ಲಿ. ಅದೂ ಒಂದು ಋತುವಿನ ನಡುಮಧ್ಯದಲ್ಲಲ್ಲ. ಒಂದು ಹೋಗಿ ಇನ್ನೊಂದು ಬರುವ ಸಂಧಿಯಲ್ಲಿ.

ಆಟಿಯಲ್ಲಿ ಕೆತ್ತೆ ಕಪ್ಪು. ಅದರ ಮೇಲೆ ಗಾಳಿಮಳೆ ಬಡಿಯುವ ಪಡುವಣ ಬದಿಯಲ್ಲಿ ಪಾಚಿ ಮೆತ್ತೆಯಾಗಿ ಕುಳಿತಿರುತ್ತದೆ. ಬುಡದ ಮಡಿಕೆಗಳಲ್ಲಿ ಅರಸಿನ ಮಿಶ್ರಿತ ಕೇಸರಿ ಬಣ್ಣದ ಪುಡಿಯೊಂದು ಹರಡುತ್ತದೆ. ಮುಟ್ಟಿದರೆ ಮಕಮಲ್ಲು. ಇದು ತುಕ್ಕೂ ಅಲ್ಲ, ರೋಗವೂ ಅಲ್ಲ. ಗಾಳಿಯ ತೇವದಲ್ಲಿ ಬದುಕುವ ಒಂದು ಬಗೆಯ ಪಾಚಿ. ಜಾತಿಯಲ್ಲಿ ಹಸುರು ಪಾಚಿಯೇ ಆದರೂ ಗಜ್ಜರಿಗೆ ಬಣ್ಣ ಕೊಡುವ ವಸ್ತುವೇ ಇದರಲ್ಲಿಯೂ ತುಂಬಿರುವುದರಿಂದ ಕೇಸರಿಯಾಗಿ ಕಾಣುತ್ತದೆ. ಸೋಣದಲ್ಲಿ ಬಿಸಿಲುಮಳೆಗಳ ಆಟ. ಆಗ ಕಲ್ಲುಹೂವನ್ನು ನೋಡಬೇಕು. ಮಳೆ ಬಿದ್ದ ಹತ್ತು ನಿಮಿಷಕ್ಕೆ ಹಸುರು, ಬಿಸಿಲು ಬಿದ್ದ ಒಂದು ತಾಸಿಗೆ ಬೂದಿ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ ಅದು. ಮೇಲ್ಪದರ ನೆನೆದಾಗ ಗಾಜಿನಂತಾಗಿ ಒಳಗಿನ ಪಾಚಿಯ ಹಸುರನ್ನು ತೋರಿಸುತ್ತದೆ, ಒಣಗಿದಾಗ ಪರದೆ ಎಳೆದುಕೊಳ್ಳುತ್ತದೆ. ಎಂಟನೆಯ ಮತ್ತು ಒಂಬತ್ತನೆಯ ಚಿತ್ರಗಳು ಒಂದೇ ದಿನ, ಐವತ್ತು ನಿಮಿಷದ ಅಂತರದಲ್ಲಿ ತೆಗೆದವು. ನೋಡಿದವರೆಲ್ಲ ಎರಡು ಮರವೆಂದೇ ಹೇಳಿದ್ದಾರೆ.

ಓಣಂ ರಜೆಯ ಹತ್ತು ದಿನ ನಮ್ಮ ಸರಣಿಗೆ ಅಡ್ಡಬಂತು. ಆಗ ಮಕ್ಕಳ ಬದಲು ಶಾಲೆಯ ಅಡುಗೆಯ ಅಕ್ಕ ಚಿತ್ರ ತೆಗೆದರು. ಹದಿಮೂರನೆಯ ಚಿತ್ರ ಅವರದು. ನಮ್ಮೆಲ್ಲರ ಚಿತ್ರಗಳಿಗಿಂತ ಅದೇ ಸ್ಪಷ್ಟವಾಗಿದೆ. ಏಕೆಂದು ಕೇಳಿದರೆ, "ಉಸಿರು ಕಟ್ಟಿ ಒತ್ತಿದೆ ಮಾರಾಯ್ರೇ, ಮತ್ತೇನಿಲ್ಲ" ಎಂದರು.

ಬೊಂತೇಲು ಕಳೆದು ಜಾರ್ದೆ ಬರುವಾಗ ಹಾಲೆ ಹೂ ಬಿಟ್ಟಿತು. ಈ ಬಾರಿ ಹಿಂದೆಂದೂ ಕಾಣದಷ್ಟು. ಸಂಜೆಯಾದರೆ ಆ ತಲೆ ತಿರುಗಿಸುವ ಪರಿಮಳ ರಸ್ತೆಯವರೆಗೂ ಬರುತ್ತಿತ್ತು. ಮಲೆಯಾಳದ ಕತೆಗಳಲ್ಲಿ ಪಾಲೆಯ ಮರದಲ್ಲಿ ಯಕ್ಷಿ ವಾಸಿಸುವುದು ಏಕೆಂದು ಆಗ ಅರ್ಥವಾಗುತ್ತದೆ. ಊರಿನವರು ಸಂತೋಷಪಟ್ಟರು. ಮರಕ್ಕೆ ಏನೂ ಆಗಿಲ್ಲ, ನೋಡಿ ಹೇಗೆ ಹೂ ಬಿಟ್ಟಿದೆ ಎಂದು ನಮ್ಮ ಬೆನ್ನು ತಟ್ಟಿದರು. ನಾವೂ ಎರಡು ವಾರ ನಿಶ್ಚಿಂತೆಯಿಂದ ಇದ್ದೆವು. ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮವರೊಬ್ಬರು ಮಾತ್ರ ಸಂತೋಷಪಡಲಿಲ್ಲ. ಕೆಳಗೆ ಇಳಿಯಲಾರದ ಅಡುಗೆ ಮೇಲೆಯೇ ಉಳಿದರೂ ಹೂ ಹೆಚ್ಚುತ್ತದೆ. ಮಾವು ಹೂ ಬಿಡಲೆಂದು ಕೊಂಬೆಗೆ ಸಣ್ಣ ಉಂಗುರ ಕೊರೆಯುವುದುಂಟಲ್ಲವೇ ಎಂದು ಕೇಳಿದರು. ಹೂವನ್ನು ಎರಡು ರೀತಿಯಲ್ಲಿ ಓದಬಹುದೆಂದು ತಿಳಿದ ಮೇಲೆ ಮತ್ತೆ ಗಾಯದ ಅಂಚಿಗೇ ಬಂದೆವು.

ಈ ಅಂಚಿನಲ್ಲಿ ನಾವು ಕಂಡುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ಮೂರು ವಾರ ಏನೂ ಇಲ್ಲ. ಒಣಗಿದ ಹಾಲಿನ ಹಕ್ಕಳೆ ಮಾತ್ರ. ಸೋಣದ ನಡುವಿಗೆ ಹಕ್ಕಳೆಯ ಕೆಳಗಿನಿಂದ ತಿಳಿಹಸುರಿನ ಒಂದು ಎಳೆ ತುಟಿಯಂತೆ ಹೊರಬಂತು. ಮಕ್ಕಳ ಭಾಷೆಯಲ್ಲಿ 'ಮರದ ತುಟಿ'. ನಮಗೂ ಅದೇ ಹೆಸರು ರೂಢಿಯಾಯಿತು. ಮುಟ್ಟಲು ಹಸುಗೂಸಿನ ಒಸಡಿನ ಹಾಗೆ. ಸುತ್ತಲಿನ ಹಳೆಯ ಕೆತ್ತೆ ತರಿತರಿ, ಉಸಿರಾಡುವ ರಂಧ್ರಗಳ ಗಂಟುಗಳಿಂದ ತುಂಬಿದ್ದು. ಅದರ ಪಕ್ಕದಲ್ಲಿ ಈ ನುಣುಪು. ಗಾಯದ ಮೇಲಿನ ಅಂಚಿನಲ್ಲಿ ತುಟಿ ದಪ್ಪ, ಪಕ್ಕಗಳಲ್ಲಿ ಮಧ್ಯಮ, ಕೆಳಗಿನ ಅಂಚಿನಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಕಾರಣ ಹಿಂದೆಯೇ ಹೇಳಿದೆವು: ಅಡುಗೆ ಇಳಿಯುವುದು ಮೇಲಿನಿಂದ, ಕೆಳಗಿನ ಅಂಚಿಗೆ ಬಡಿಸುವವರಿಲ್ಲ. ಇನ್ನೊಂದು ಆಶ್ಚರ್ಯ, ಕತ್ತಿ ಒಳಗಿನ ಮರಕ್ಕೆ ತಾಗದೆ ಕೆತ್ತೆ ಮಾತ್ರ ಎದ್ದುಬಂದಿದ್ದ ಎರಡು ಕಡೆ, ಅಂಚಿಗೆ ಸಂಬಂಧವಿಲ್ಲದೆ ಗಾಯದ ನಡುವೆಯೇ ಹೊಸ ಕೆತ್ತೆಯ ಪುಟ್ಟ ದ್ವೀಪಗಳು ಮೂಡಿದವು. ಹದಿನಾರನೆಯ ಚಿತ್ರದಲ್ಲಿ ಅವು ಅಂಗೈಯಲ್ಲಿಟ್ಟ ಎರಡು ಗೇರುಬೀಜಗಳಂತೆ ಕಾಣುತ್ತವೆ.

ಡಿಸೆಂಬರಿನಲ್ಲಿ ನಾವು ಬಹು ದೊಡ್ಡ ಮೋಸ ಹೋದೆವು. ಗಾಯ ಇರುವುದು ಪೂರ್ವಕ್ಕೆ ಮುಖವಾಗಿ. ಬೆಳಗಿನ ಎಂಟೂವರೆಯ ಓರೆಬಿಸಿಲಿನಲ್ಲಿ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆಂದು ಆ ಹೊತ್ತನ್ನೇ ಗೊತ್ತುಮಾಡಿಕೊಂಡಿದ್ದೆವು. ನವೆಂಬರಿನಿಂದ ಡಿಸೆಂಬರಿಗೆ ಚಿತ್ರದಲ್ಲಿ ದಕ್ಷಿಣದ ಅಂಚಿನ ತುಟಿ ವಾರದಿಂದ ವಾರಕ್ಕೆ ದಪ್ಪವಾಗುತ್ತ ಬಂತು. ಸಂಭ್ರಮದಿಂದ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಆ ಚಿತ್ರಗಳನ್ನು ತೋರಿಸಿಯೂ ಬಿಟ್ಟೆವು. ಅಡಿಪಟ್ಟಿಯ ಗೆರೆಗಳನ್ನು ಎಣಿಸುವ ಕೆಲಸವನ್ನು ಏಳನೆಯ ತರಗತಿಯ ಹುಡುಗನೊಬ್ಬನಿಗೆ ವಹಿಸಿದ್ದೆವು. ಸಭೆ ಮುಗಿದ ಮೇಲೆ ಆತ ಹಿಂಜರಿಯುತ್ತ ಬಂದು, "ಸರ್, ತುಟಿ ಬೆಳೆದಿಲ್ಲ, ನೆರಳು ಬೆಳೆದದ್ದು" ಎಂದನು. ನೋಡಿದರೆ ಅವನು ಹೇಳಿದ್ದೇ ಸರಿ. ಆಗಸ್ಟಿನಲ್ಲಿ ಸೂರ್ಯ ಮೂಡುವುದು ಪೂರ್ವಕ್ಕಿಂತ ತುಸು ಬಡಗಣಕ್ಕೆ. ಸೆಪ್ಟೆಂಬರಿನ ಕೊನೆಗೆ ನೇರ ಪೂರ್ವದಲ್ಲಿ. ಡಿಸೆಂಬರಿನಲ್ಲಿ ಸಾಕಷ್ಟು ತೆಂಕಣಕ್ಕೆ ಸರಿದಿರುತ್ತಾನೆ. ಅದೇ ತುಟಿ, ಅದೇ ಗಂಟೆ. ಬೆಳಕು ಹೆಚ್ಚು ಓರೆಯಾದುದರಿಂದ ತೆಂಕಣ ಅಂಚಿನ ನೆರಳು ಗಾಯದ ಮೇಲೆ ಉದ್ದಕ್ಕೆ ಚಾಚಿತ್ತು. ಅಳತೆಯಲ್ಲಿ ಆ ನಾಲ್ಕು ವಾರದ ಬೆಳವಣಿಗೆ ಒಂದು ಮಿಲಿಮೀಟರಿಗೂ ಕಡಮೆ.

ಮುಂದಿನ ಸಭೆಯಲ್ಲಿ ನಾವು ಅದನ್ನು ಒಪ್ಪಿಕೊಂಡೆವು. ಆ ದಿನದಿಂದ ಬಿಸಿಲನ್ನು ನಂಬುವುದನ್ನು ಬಿಟ್ಟೆವು. ಈಗ ಇಬ್ಬರು ಮಕ್ಕಳು ಎರಡು ಕೊಡೆ ಬಿಡಿಸಿ ಬಿಸಿಲನ್ನು ಮರೆಮಾಡುತ್ತಾರೆ. ಮೂರನೆಯವರು ಒಂದು ಗೊತ್ತಾದ ಕೋಲಿನ ಉದ್ದದಲ್ಲಿ, ಗೊತ್ತಾದ ಓರೆಯಲ್ಲಿ ಟಾರ್ಚು ಹಿಡಿಯುತ್ತಾರೆ. ಚಿತ್ರ ಮೊದಲಿನಷ್ಟು ಚಂದ ಬರುವುದಿಲ್ಲ. ಇಪ್ಪತ್ತೈದರಿಂದ ಮುಂದಿನ ಚಿತ್ರಗಳು ನಿಮಗೆ ಸಪ್ಪೆಯಾಗಿ ಕಂಡರೆ ಕಾರಣ ಇದೇ. ಆದರೆ ಅವು ಸುಳ್ಳು ಹೇಳುವುದಿಲ್ಲ.

ಚಂದದ ಚಿತ್ರ ಬೇಡವೆಂದಲ್ಲ. ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು' ಗ್ರಂಥಕ್ಕೆ ತಾವೇ ಗೆರೆಚಿತ್ರ ಬರೆದರು. ಗೆರೆ ಎಳೆಯುವವರು ಬೇಕಾದುದನ್ನು ಆರಿಸಿ ಬೇಡವಾದುದನ್ನು ಬಿಡುತ್ತಾರೆ; ಕ್ಯಾಮರಾ ಬಿಡುವುದಿಲ್ಲ, ಎಲ್ಲವನ್ನೂ ತರುತ್ತದೆ. ನಾವು ಹುಡುಕದೆ ಸಿಕ್ಕಿದ ಕೆಲವು ಸಂಗತಿಗಳೂ ಹಾಗೆ ಬಂದಿವೆ. ಎಲೆಯ ಮೇಲೆ ಮೊಡವೆಯಂತೆ ಎದ್ದ ಗುಳ್ಳೆಗಳು, ಒಂದು ಪುಟ್ಟ ಕೀಟ ತನ್ನ ಮರಿಗಳಿಗೆ ಮಾಡಿಸಿಕೊಂಡ ಮನೆಗಳು. ಪುಯಿಂತೇಲಿನಲ್ಲಿ ಕೆತ್ತೆಯ ಮೇಲೆ ಗೆದ್ದಲು ಕಟ್ಟಿದ ಮಣ್ಣಿನ ಹಾದಿ. ಮಾಯಿ ಹತ್ತಿರವಾದಾಗ ಜೋಡಿಜೋಡಿಯಾಗಿ ಇಳಿಬಿದ್ದ, ತೆಳ್ಳಗೆ ಮೊಳದುದ್ದದ ಕಾಯಿಗಳು. ಅವು ಒಡೆದು ಎರಡೂ ತುದಿಯಲ್ಲಿ ರೇಷ್ಮೆಗೂದಲಿರುವ ಬೀಜಗಳು ಗಾಳಿಗೆ ಹಾರುವುದು. ಮೂವತ್ತಾರನೆಯ ಚಿತ್ರದಲ್ಲಿ ಅಂತಹ ಒಂದು ಬೀಜ ಹಾರಿಬಂದು ಗಾಯದ ತುಟಿಗೇ ಅಂಟಿಕೊಂಡಿದೆ. ಯಾರೂ ಅಲ್ಲಿ ಇಟ್ಟದ್ದಲ್ಲ. ಇಟ್ಟದ್ದೆಂದು ಹಲವರು ಹೇಳುತ್ತಿರುವುದರಿಂದ ಈ ಮಾತು.

ಚಿತ್ರಗಳಿಂದ ಇನ್ನೊಂದು ಉಪಕಾರವಾಗಿದೆ. ಆಟಿಯ ಕತ್ತಲಲ್ಲಿ ಹಾಲೆಯೆಂದು ತಿಳಿದು ಕಾಸರಕದ ಕೆತ್ತೆ ತಂದು ಕುಡಿದು ಆಪತ್ತಿಗೊಳಗಾದ ಸುದ್ದಿ ನಮ್ಮ ಕಡೆ ಹೊಸದಲ್ಲ. ಕಾಸರಗೋಡಿಗೆ ಹೆಸರು ಬಂದುದೇ ಆ ಮರದಿಂದ ಎಂದು ಹೇಳುವವರಿದ್ದಾರೆ; ಅಷ್ಟು ಸಾಮಾನ್ಯ ಅದು, ಅಷ್ಟೇ ವಿಷವೂ ಹೌದು. ಎರಡೂ ಕಹಿ. ಎರಡೂ ಕೆತ್ತೆ ಬೂದುಬಣ್ಣ. ಜಗಲಿಯ ತುದಿಯಲ್ಲಿ ಎರಡರ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದೇವೆ. ಗೀರಿದರೆ ಹಾಲೆಯಲ್ಲಿ ಬಿಳಿ ಹಾಲು ಬರುತ್ತದೆ, ಕಾಸರಕದಲ್ಲಿ ಬರುವುದಿಲ್ಲ. ಹಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಐದು, ಆರು, ಏಳು ಕೊಡೆಯ ಕಡ್ಡಿಗಳಂತೆ ಇರುತ್ತವೆ. ಕಾಸರಕದವು ಎದುರುಬದುರಾಗಿ ಎರಡೆರಡು. ಹಾಲು ಬರುವ ಮರಗಳು ಬೇರೆಯೂ ಇರುವುದರಿಂದ ಎರಡೂ ಗುರುತು ಸೇರಿದಾಗಲೇ ಹಾಲೆಯೆನ್ನಬೇಕು. ಹಗಲಲ್ಲಿ ನೋಡಿ ಗುರುತಿಟ್ಟು ಬರುವುದು ಎಲ್ಲಕ್ಕಿಂತ ಒಳ್ಳೆಯದು. ಮಕ್ಕಳು ಇದನ್ನು ಮನೆಗೆ ಹೋಗಿ ಹೇಳಬೇಕು.

ಹಿಂದಿನವರು ಹಾಲೆಗೆ ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು ಎನ್ನುತ್ತಿದ್ದರು. ಶಾಲೆಯ ಹಿಂದಿನ ಮನೆಯ ಅಜ್ಜಿ ಗಾಯ ನೋಡಲು ಬಂದಾಗ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, "ಕತ್ತಿ ತಕ್ಕೊಂಡು ಹೋದದ್ದಾ ಮಕ್ಕಳೇ?" ಎಂಬುದೇ. ನಾವು ಆ ನಿಯಮವನ್ನು ಮೂಢನಂಬಿಕೆಯೆಂದು ಬದಿಗಿಟ್ಟವರು. ಕಬ್ಬಿಣ ತಾಗಿದರೆ ಮದ್ದಿನ ಗುಣ ಕೆಡುತ್ತದೆಂದು ನಾವು ಈಗಲೂ ಹೇಳುವುದಿಲ್ಲ. ಆದರೆ ಬೆಣಚುಕಲ್ಲಿನಿಂದ ಜಜ್ಜುವವನಿಗೆ ಒಂದು ಹಿಡಿ ಕೆತ್ತೆ ಸಿಗುವಷ್ಟರಲ್ಲಿ ಕೈ ಸೋಲುತ್ತದೆ. ಮನೆಗೊಂದು ಹಿಡಿ ಸಾಕು. ಮುನ್ನೂರು ಮಂದಿಗೆ ಒಂದೇ ಮರದಿಂದ ತೆಗೆಯುವ ಯೋಚನೆ ಕಲ್ಲು ಹಿಡಿದವರಿಗೆ ಬರುವುದೇ ಇಲ್ಲ. ಈ ವರ್ಷದ ಆಟಿಗೆ ನಮ್ಮ ಸಂಘ ಕಷಾಯ ಹಂಚುವುದಿಲ್ಲ. ಬದಲಿಗೆ ಹಾಲೆಯ ಗಿಡ ಹಂಚುವುದೆಂದು ತೀರ್ಮಾನವಾಗಿದೆ. ಹಾರಿಬಿದ್ದ ಬೀಜಗಳನ್ನು ಮಕ್ಕಳು ಈಗಾಗಲೇ ಕೂಡಿಡುತ್ತಿದ್ದಾರೆ.

ಇನ್ನು ಕಷ್ಟದ ಮಾತು. ಮರವನ್ನು ಮುಂದಿನ ಮಳೆಗಾಲಕ್ಕೆ ಮೊದಲು ಕಡಿಸಬೇಕೆಂದು ಕೆಲವು ರಕ್ಷಕರು ಲಿಖಿತವಾಗಿ ಕೇಳಿಕೊಂಡಿದ್ದಾರೆ. ಅವರನ್ನು ಮರದ ವೈರಿಗಳೆಂದು ನಾವು ತಿಳಿದಿಲ್ಲ. ಹದಿನೈದು ಹೆಜ್ಜೆ ದೂರದಲ್ಲಿ ಆರು ವರ್ಷದ ಮಕ್ಕಳು ಕುಳಿತಿರುತ್ತಾರೆ. ಹಾಲೆಯ ಮರ ಮೆದು; ಗಾಯದಿಂದ ಒಳಗೆ ಕೊಳೆ ಹಿಡಿದರೆ ಜೂನಿನ ಗಾಳಿಗೆ ಏನೂ ಆಗಬಹುದು. ನಮ್ಮ ಮಗು ಆ ಕೋಣೆಯಲ್ಲಿದ್ದರೆ ನಾವೂ ಅದನ್ನೇ ಬರೆಯುತ್ತಿದ್ದೆವು. ಮಾಡಿನ ಮೇಲೆ ಚಾಚಿದ್ದ ಎರಡು ಕೊಂಬೆಗಳನ್ನು ಜನವರಿಯಲ್ಲಿ ಇಳಿಸಿಯಾಗಿದೆ. ಒಂದನೆಯ ತರಗತಿಯನ್ನು ಜೂನಿನಿಂದ ಮೂಡು ಬದಿಯ ಕೋಣೆಗೆ ಸ್ಥಳಾಂತರಿಸಲು ಮುಖ್ಯೋಪಾಧ್ಯಾಯಿನಿಯವರು ಒಪ್ಪಿದ್ದಾರೆ. ಶಾಲೆ ತೆರೆಯುವ ಮೊದಲು ಮೇ ತಿಂಗಳಲ್ಲಿ ಸುರಕ್ಷತೆಯ ಪರಿಶೀಲನೆಗೆ ಬರುವವರ ಮುಂದೆ ಈ ಎಲ್ಲ ಚಿತ್ರಗಳನ್ನೂ ಅಳತೆಗಳನ್ನೂ ಇಡುತ್ತೇವೆ. ಅವರು ಕಡಿಯಬೇಕೆಂದರೆ ನಾವು ಅಡ್ಡ ನಿಲ್ಲುವುದಿಲ್ಲ.

ನಿನ್ನೆಯವರೆಗಿನ ಅಳತೆ ಹೀಗಿದೆ. ಮೇಲಿನ ಅಂಚಿನಲ್ಲಿ ತುಟಿ 26 ಮಿಲಿಮೀಟರ್ ಮುಂದೆ ಬಂದಿದೆ. ತೆಂಕಣದಲ್ಲಿ 19, ಬಡಗಣದಲ್ಲಿ 14. ಇದರಲ್ಲಿ ಹೆಚ್ಚಿನದು ಮಳೆ ನಿಲ್ಲುವ ಮೊದಲೇ ಬೆಳೆದುದು. ಡಿಸೆಂಬರಿನಿಂದೀಚೆಗೆ ಎರಡು ಮಿಲಿಮೀಟರ್ ಮಾತ್ರ. ಕೆಳಗಿನ ಅಂಚು ಒಣಗಿ ಬಿರಿದಿದೆ. ಬಿರುಕು ಅಂಗೈ ಅಗಲದಷ್ಟು ಕೆಳಕ್ಕಿಳಿದಿದೆ. ಇದು ಒಳ್ಳೆಯ ಸುದ್ದಿಯಲ್ಲ. ಎರಡು ದ್ವೀಪಗಳಲ್ಲಿ ಒಂದು ಜನವರಿಯ ಬಿಸಿಲಿಗೆ ಕರಟಿತು, ಇನ್ನೊಂದು ಉಳಿದಿದೆ. ಹಿಂಬದಿಯಲ್ಲಿ ಉಳಿದ 82 ಸೆಂಟಿಮೀಟರ್ ಕೆತ್ತೆಯಲ್ಲಿ ಉದ್ದುದ್ದಕ್ಕೆ ಹೊಸ ಸೀಳುಗಳು ಕಂಡಿವೆ. ಮೊದಲು ನೋಡಿದಾಗ ಎದೆ ಧಸಕ್ಕೆಂದಿತು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಸೀಳಿನ ತಳ ಒಣಗಿರಲಿಲ್ಲ, ತಿಳಿಕಂದು, ಎಳೆಯದು. ಒಳಗೆ ದಪ್ಪವಾಗುತ್ತಿರುವಾಗ ಹೊರಗಿನ ಹಳೆಯ ಕೆತ್ತೆ ಸಾಲದೆ ಬಿರಿಯುವ ಬಗೆ ಅದು, ಬೆಳೆಯುವ ಹುಡುಗನ ಅಂಗಿಯ ಹೊಲಿಗೆ ಬಿಡುವಂತೆ ಎಂದು ನಮ್ಮ ಕೃಷಿ ಇಲಾಖೆಯವರ ಅಭಿಪ್ರಾಯ. ಇಡೀ ಮರದ ಊಟ ಈಗ ಆ ಒಂದೇ ಓಣಿಯಲ್ಲಿ ಇಳಿಯುತ್ತಿದೆ.

ಏಪ್ರಿಲ್ ಮೇ ತಿಂಗಳುಗಳಲ್ಲಿ ಶಾಲೆಗೆ ರಜೆ. ಪಗ್ಗು, ಬೇಸ್ಯದ ಮರವನ್ನು ಮಕ್ಕಳು ಎಂದೂ ಸರಿಯಾಗಿ ನೋಡಿದವರಲ್ಲ, ನಾವೂ ನೋಡಿರಲಿಲ್ಲ. ಈ ಬಾರಿ ರಜೆಯ ಸೋಮವಾರಗಳನ್ನು ಹಂಚಿಕೊಂಡಿದ್ದೇವೆ. ಪಟ್ಟಿ ಕಚೇರಿಯ ಬಾಗಿಲಿಗೆ ಅಂಟಿಸಿದೆ. ಮೇ 11 ಮತ್ತು 18ಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಮೊಬೈಲು ಸಾಕು, ಕೊಡೆ ತರಬೇಕು. ಅಡಿಪಟ್ಟಿ, ಕೋಲು, ಸ್ಲೇಟಿನ ಚೂರು ಅಡುಗೆಯ ಅಕ್ಕನ ಹತ್ತಿರ ಇವೆ.

ಇಂದು ಬೆಳಗ್ಗೆ ತೆಗೆದ ನಲವತ್ತೊಂದನೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಲು ಸಮಯವಾಗಲಿಲ್ಲ. ಅದು ಏಳನೆಯ ತರಗತಿಯ ಮಕ್ಕಳ ಬಳಿ ಮೊಬೈಲಿನಲ್ಲಿದೆ. ಕೇಳಿದವರಿಗೆ ಅವರು ತೋರಿಸುತ್ತಾರೆ. ಗಾಯವನ್ನು ಮುಟ್ಟಿ ನೋಡಲು ಹೋಗುವವರು ದಯವಿಟ್ಟು ದಾರದ ಗುರುತುಗಳನ್ನು ಅಲುಗಿಸಬಾರದೆಂದು ಕೇಳಿಕೊಳ್ಳುತ್ತೇವೆ.